ಮರೆಯಿಲ್ಲದ ಹೊತ್ತು: ಕಾರ್ಗಿಲ್ ಸಾವುನೋವಿನ ಲೆಕ್ಕಕ್ಕೆ ಬಂದ ಆಕ್ಷೇಪಗಳಿಗೆ ಉತ್ತರ

ಕಾರ್ಗಿಲ್ ಯುದ್ಧದ ಸಾವುನೋವಿನ ಬಗ್ಗೆ ನಾನು ಬರೆದದ್ದಕ್ಕೆ ಬಂದ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಬರೆದವರ ಹೆಸರು ಹೇಳುವುದಿಲ್ಲ. ಒಂದೇ ಮಾತನ್ನು ಹಲವರು ಹೇಳಿದ್ದಾರೆ. ಪ್ರತಿ ವರ್ಷ ಕಾರ್ಗಿಲ್ ವಿಜಯ ದಿವಸವಾದ ಜುಲೈ 26ರ ಆಸುಪಾಸಿನಲ್ಲಿ ಅದೇ ಮಾತುಗಳು ಬೇರೆ ಬಾಯಿಗಳಿಂದಲೂ ಕೇಳಿಬರುತ್ತವೆ. ಹಾಗಾಗಿ ಇದು ವ್ಯಕ್ತಿಗಳಿಗಲ್ಲ, ಮಾತುಗಳಿಗೆ ಕೊಡುವ ಉತ್ತರ.

ನಾನು ಹೇಳಿದ್ದನ್ನು ಮೊದಲು ನೆನಪಿಸುತ್ತೇನೆ. 1999ರ ಮೇ ತಿಂಗಳಿಂದ ಜುಲೈ ಕೊನೆಯವರೆಗೆ ನಮ್ಮ 527 ಯೋಧರು ಸತ್ತರು, 1,363 ಮಂದಿ ಗಾಯಗೊಂಡರು. ಈ ಸಂಖ್ಯೆಯನ್ನು ದಿನಗಳಿಂದ ಭಾಗಿಸಿ ದಿನಕ್ಕಿಷ್ಟು ಎಂದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಸಾವುಗಳು ದಿನದಿನವೂ ಸಮವಾಗಿ ಬರಲಿಲ್ಲ. ಕೆಲವು ಶಿಖರಗಳ ಮೇಲೆ ಕೆಲವು ರಾತ್ರಿಗಳಲ್ಲಿ ದಟ್ಟವಾಗಿ ಬಂದವು. ಆ ರಾತ್ರಿಗಳಲ್ಲಿ ನಡೆದದ್ದನ್ನು ನೋಡಿದರೆ ಸಾವುನೋವು ಏರುವುದಕ್ಕೆ ಒಂದು ಅಳತೆಗೋಲು ಸಿಗುತ್ತದೆ: ಎಷ್ಟು ಜನ, ಎದುರಾಳಿಯ ಗುಂಡು ಮುಟ್ಟುವ ದೂರದಲ್ಲಿ, ಎಷ್ಟು ಹೊತ್ತು ಮರೆಯಿಲ್ಲದೆ ಇರಬೇಕಾಯಿತು. ಉಳಿದೆಲ್ಲ ಕಾರಣಗಳೂ, ಎತ್ತರ, ಚಳಿ, ಆಯುಧ, ಅಧಿಕಾರಿಯ ತೀರ್ಮಾನ, ದೆಹಲಿಯ ರಾಜಕೀಯ, ಈ ಮರೆಯಿಲ್ಲದ ಹೊತ್ತನ್ನು ಹಿಗ್ಗಿಸುವ ಇಲ್ಲವೇ ಕುಗ್ಗಿಸುವ ಮೂಲಕವೇ ಕೆಲಸ ಮಾಡುತ್ತವೆ.

ಮೊದಲ ಆಕ್ಷೇಪ: ಕದನ ಜೋರಾದರೆ ಹೆಚ್ಚು ಜನ ಸಾಯುತ್ತಾರೆ, ಇದರಲ್ಲಿ ಕೇಳುವುದೇನಿದೆ, ಬರೆಯುವುದೇನಿದೆ?

ಕೇಳುವುದಿದೆ. ‘ಜೋರು’ ಎಂಬ ಪದ ಕಾರಣವನ್ನು ಹೇಳುವುದಿಲ್ಲ, ಮುಚ್ಚುತ್ತದೆ. ಶೆಲ್ಲುಗಳ ಲೆಕ್ಕದಲ್ಲಿ ಜೋರೇ, ಜನರ ಲೆಕ್ಕದಲ್ಲಿ ಜೋರೇ, ಗಂಟೆಗಳ ಲೆಕ್ಕದಲ್ಲಿ ಜೋರೇ? ಮೂರೂ ಬೇರೆ ಬೇರೆ. ಟೈಗರ್ ಹಿಲ್ ಶಿಖರ ಮರಳಿ ಕೈಸೇರಿದ ದಿನ ನಮ್ಮ ಫಿರಂಗಿಗಳು, ಮಾರ್ಟರ್‌ಗಳು, ರಾಕೆಟ್ ಲಾಂಚರ್‌ಗಳು ಸುಮಾರು 9,300 ಸುತ್ತು ಹಾರಿಸಿದವು. ಸದ್ದಿನಿಂದ ಅಳೆದರೆ ಅಷ್ಟು ಜೋರಿನ ದಿನ ಇನ್ನೊಂದಿಲ್ಲ. ಆದರೆ ಆ ಬೆಂಕಿಯ ಉದ್ದೇಶವೇ ನಮ್ಮವರ ಸಾವನ್ನು ಕಡಿಮೆ ಮಾಡುವುದಾಗಿತ್ತು: ಮೇಲಿದ್ದವರು ತಲೆ ತಗ್ಗಿಸಿಕೊಂಡು ಕೂತಿರಲಿ, ಆ ಹೊತ್ತಿನಲ್ಲಿ ನಮ್ಮವರು ಹತ್ತಲಿ ಎಂದು.

ಇನ್ನೊಂದು ಉದಾಹರಣೆ ನಮ್ಮ ಮೈಸೂರಿಗೇ ಸೇರಿದ್ದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಹೈಫಾ ಪಟ್ಟಣವನ್ನು ಹಿಡಿದರು. ಎದುರಿಗೆ ಮೆಷಿನ್ ಗನ್ನುಗಳು, ಪಕ್ಕದ ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿಗಳು. ಇವರ ಕೈಯಲ್ಲಿ ಇದ್ದದ್ದು ಈಟಿ, ಕತ್ತಿ, ಕೆಳಗೆ ಕುದುರೆ. ಮೈಸೂರಿನ ಒಂದು ತುಕಡಿ ಬೆಟ್ಟದ ಇಳಿಜಾರು ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಉಳಿದವರು ಕುದುರೆ ಓಡಿಸಿಕೊಂಡು ಊರೊಳಕ್ಕೆ ನುಗ್ಗಿದರು. ಅದಕ್ಕಿಂತ ಜೋರಿನ ಕದನ ಯಾವುದು? ಆದರೂ ಸತ್ತವರು 8 ಮಂದಿ, ಗಾಯಗೊಂಡವರು 34 ಮಂದಿ. ಸೆರೆ ಸಿಕ್ಕ ಶತ್ರುಗಳು ಸಾವಿರಕ್ಕೂ ಹೆಚ್ಚು. ಬಯಲು ದಾಟಲು ಅವರಿಗೆ ಬೇಕಾದ ಹೊತ್ತು ಅಷ್ಟು ಚಿಕ್ಕದಾಗಿತ್ತು, ಮೇಲಿನ ಫಿರಂಗಿಗಳ ಗಮನ ಅದೇ ಹೊತ್ತಿಗೆ ಬೇರೆಡೆಗೆ ಸೆಳೆಯಲ್ಪಟ್ಟಿತ್ತು.

ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ಸೊಮ್ ನದಿಯ ಬಳಿ ಬ್ರಿಟಿಷ್ ಸೇನೆ ಒಂದು ವಾರ ಹಗಲು ರಾತ್ರಿ ಶೆಲ್ಲು ಸುರಿಸಿ, ಸುಮಾರು 15 ಲಕ್ಷ ಶೆಲ್ಲು, 1916ರ ಜುಲೈ 1ರ ಬೆಳಿಗ್ಗೆ ಕಾಲಾಳುಗಳನ್ನು ಮುಂದಕ್ಕೆ ಕಳಿಸಿತು. ಒಂದೇ ದಿನದಲ್ಲಿ ಸತ್ತವರು 19,240. ಗಾಯಾಳುಗಳನ್ನೂ ಸೇರಿಸಿದರೆ 57,470. ಜರ್ಮನರು ಆಳದ ನೆಲಮಾಳಿಗೆಗಳಲ್ಲಿ ಬದುಕಿದ್ದರು. ಫಿರಂಗಿ ನಿಂತ ಗಳಿಗೆಗೂ ಬ್ರಿಟಿಷ್ ಸೈನಿಕ ಬಯಲು ದಾಟಿ ತಲುಪುವ ಗಳಿಗೆಗೂ ನಡುವೆ ಬಿದ್ದ ಅಂತರದಲ್ಲಿ ಅವರು ಮೇಲೆ ಬಂದು ಮೆಷಿನ್ ಗನ್ ಹಿಡಿದರು. ಹೈಫಾದಲ್ಲೂ ಸೊಮ್‌ನಲ್ಲೂ ಕದನ ಜೋರೇ. ಮರೆಯಿಲ್ಲದ ಹೊತ್ತು ಮಾತ್ರ ಬೇರೆ. ಇದನ್ನು ‘ಎಲ್ಲರಿಗೂ ಗೊತ್ತಿರುವ ವಿಷಯ’ ಎಂದು ಬದಿಗೆ ಸರಿಸಿದರೆ ಮುಂದಿನ ತಪ್ಪುಗಳನ್ನು ತಡೆಯುವ ದಾರಿಯನ್ನೂ ಸರಿಸಿದ ಹಾಗೆ.

ಎರಡನೆಯವರು ಹೇಳುವುದು: ಜೂನ್ ತಿಂಗಳಲ್ಲಿ ಸಾವು ಏರಿತೆಂದರೆ ನಮ್ಮ ಯೋಜನೆ ಸೋಲುತ್ತಿತ್ತು ಎಂದೇ ಅರ್ಥ, ಮೇ ತಿಂಗಳಲ್ಲಿ ಕಡಿಮೆ ಸಾವಿತ್ತು, ಆಗಿನ ದಾರಿಯೇ ಸರಿಯಿತ್ತು.

ಇದು ಅಂಕಿಯನ್ನು ತಲೆಕೆಳಗಾಗಿ ಓದುವುದು. ಮೇ ತಿಂಗಳಲ್ಲಿ ಸತ್ತವರು ಕಡಿಮೆ ಇದ್ದರೆ ಅದು ಹತ್ತಿದವರೇ ಕಡಿಮೆ ಇದ್ದುದರಿಂದ. ಅವರ ಸಾವಿಗೆ ಹೇಳಿಕೊಳ್ಳುವಷ್ಟು ನೆಲವೂ ಸಿಗಲಿಲ್ಲ. ಜೂನ್ 13ರಂದು ತೊಲೊಲಿಂಗ್ ಶಿಖರ ಸಿಕ್ಕಿತು, 20ರಂದು 5140ನೇ ಪಾಯಿಂಟ್, ತಿಂಗಳ ಕೊನೆಯಲ್ಲಿ ನೋಲ್ ಮತ್ತು ಥ್ರೀ ಪಿಂಪಲ್ಸ್, ಜುಲೈ 4ರಂದು ಟೈಗರ್ ಹಿಲ್, ಅದೇ ವಾರದಲ್ಲಿ 4875ನೇ ಪಾಯಿಂಟ್, ಬಟಾಲಿಕ್ ಕಡೆ ಖಲುಬಾರ್ ಮತ್ತು ಜುಬಾರ್. ಈ ಪಟ್ಟಿಯ ಪಕ್ಕಕ್ಕೆ, ಆ ಶಿಖರಗಳ ಮೇಲೆ ಸತ್ತ ಅಧಿಕಾರಿಗಳ ಇನ್ನೊಂದು ಪಟ್ಟಿ ಇಡಿ: ಮೇಜರ್ ವಿವೇಕ್ ಗುಪ್ತ, ಮೇಜರ್ ಪದ್ಮಪಾಣಿ ಆಚಾರ್ಯ, ಲೆಫ್ಟಿನೆಂಟ್ ಮನೋಜ್ ಪಾಂಡೆ, ಕ್ಯಾಪ್ಟನ್ ಅನುಜ್ ನಯ್ಯರ್, ಕ್ಯಾಪ್ಟನ್ ವಿಕ್ರಮ್ ಬತ್ರಾ. ಎರಡು ಪಟ್ಟಿಗಳೂ ಜೊತೆಜೊತೆಯಾಗಿ ಸಾಗುತ್ತವೆ. ಸಾವು ಏರಿದ ವಾರಗಳೇ ನೆಲ ಮರಳಿ ಬಂದ ವಾರಗಳು. ಇದು ಸಂತೋಷದ ಮಾತಲ್ಲ, ಆದರೆ ಸೋಲಿನ ಲಕ್ಷಣ ಖಂಡಿತ ಅಲ್ಲ.

ಇಲ್ಲೇ ಇನ್ನೊಂದು ವಿಷಯವನ್ನೂ ಸೇರಿಸಬೇಕು. ಆಗಿನ ಪತ್ರಿಕೆಗಳಲ್ಲಿ ಬಂದ ದಿನದಿನದ ಅಂಕಿಗಳನ್ನು ಹಿಡಿದು ವಾದಿಸುವವರು, ಒಬ್ಬ ಸತ್ತ ದಿನಕ್ಕೂ ಅವನು ಲೆಕ್ಕಕ್ಕೆ ಬಂದ ದಿನಕ್ಕೂ ಅಂತರವಿರುತ್ತಿತ್ತು ಎಂಬುದನ್ನು ಮರೆಯುತ್ತಾರೆ. ಬಿಹಾರ್ ರೆಜಿಮೆಂಟಿನ ಮೇಜರ್ ಮಾರಿಯಪ್ಪನ್ ಸರವಣನ್ ಮೇ ಕೊನೆಯಲ್ಲಿ ಬಟಾಲಿಕ್‌ನ ಇಳಿಜಾರಿನಲ್ಲಿ ಬಿದ್ದರು. ಅವರ ದೇಹವನ್ನು ತರಲು ಆದದ್ದು ಒಂದು ತಿಂಗಳಿಗೂ ಹೆಚ್ಚು ಕಾಲದ ಮೇಲೆ, ಆ ಬೆಟ್ಟ ನಮ್ಮ ಕೈಗೆ ಬರುವ ಹೊತ್ತಿಗೆ. ಅಷ್ಟು ದಿನ ಅವರು ಮಲಗಿದ್ದ ಜಾಗ ಮೇಲಿನ ಬಂದೂಕುಗಳ ಕಣ್ಣೆದುರಿಗೇ ಇತ್ತು. ತರಲು ಹೋದವರೂ ಅಲ್ಲೇ ಬೀಳುವ ಸಂಭವವಿತ್ತು.

ಮೂರನೆಯ ಆಕ್ಷೇಪವನ್ನು ಹೆಚ್ಚು ಗೌರವದಿಂದ ನೋಡುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಮೇಲಿನ ಅಧಿಕಾರಿಗಳ ಅವಸರ ಮತ್ತು ಅಜ್ಞಾನವೇ ಎಲ್ಲ ಸಾವಿಗೂ ಕಾರಣ, ನೀವು ಎತ್ತರ, ಚಳಿ, ಗುಂಡಿನ ದೂರ ಎಂದು ಹೇಳಿ ಅವರನ್ನು ಹೊಣೆಯಿಂದ ಬಿಡಿಸುತ್ತಿದ್ದೀರಿ ಎಂಬುದು ಆ ಆಕ್ಷೇಪ.

ನಿಜವಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಮೇ ತಿಂಗಳ ಮೊದಲ ದಿನಗಳಲ್ಲಿ ಮೇಲೆ ಕೂತವರು ಯಾರೆಂಬುದೇ ನಮ್ಮವರಿಗೆ ಸ್ಪಷ್ಟವಿರಲಿಲ್ಲ. ನುಸುಳಿಬಂದ ಉಗ್ರರ ಸಣ್ಣ ಗುಂಪು ಎಂದೆಣಿಸಲಾಯಿತು. ಅಲ್ಲಿದ್ದವರು ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರು: ಬೆಟ್ಟದ ಬದುಕಿಗೆ ಹುಟ್ಟಿನಿಂದ ಒಗ್ಗಿದವರು, ಕಲ್ಲು ಪೇರಿಸಿ ಸಂಗರ್ ಕಟ್ಟಿಕೊಂಡು, ಮೆಷಿನ್ ಗನ್ ಮಾರ್ಟರ್ ಹೂಡಿ ಕೂತವರು. ಉಗ್ರರನ್ನು ಅಟ್ಟಲು ಹೋಗುವ ರೀತಿಯಲ್ಲಿ ಹಗುರಾದ ತುಕಡಿಗಳನ್ನು ಮೇಲಕ್ಕೆ ಕಳಿಸಲಾಯಿತು. ಅವರ ಹಿಂದೆ ಸಾಕಷ್ಟು ಫಿರಂಗಿ ಇರಲಿಲ್ಲ.

ಇನ್ನೂ ಒಂದು ಅವಸರವಿತ್ತು, ಅದನ್ನು ಬೆಟ್ಟ ಹತ್ತಿದವರು ಮಾತ್ರ ಪೂರ್ತಿ ಅರಿಯಬಲ್ಲರು. ನಮ್ಮ ಸೇನೆಯಲ್ಲಿ ಎತ್ತರಕ್ಕೆ ಮೈ ಒಗ್ಗಿಸುವುದಕ್ಕೆ ಒಂದು ಕ್ರಮವಿದೆ: 9,000 ಅಡಿ ದಾಟಿದ ಮೇಲೆ ಆರು ದಿನ, 12,000 ದಾಟಿದ ಮೇಲೆ ನಾಲ್ಕು ದಿನ, 15,000 ದಾಟಿದ ಮೇಲೆ ಮತ್ತೆ ನಾಲ್ಕು ದಿನ. ಒಟ್ಟು ಹದಿನಾಲ್ಕು ದಿನ. ಕಾಶ್ಮೀರ ಕಣಿವೆಯಲ್ಲಿ ಉಗ್ರರ ಬೆನ್ನು ಹತ್ತಿದ್ದ ಬೆಟಾಲಿಯನ್‌ಗಳನ್ನು ಝೋಜಿ ಲಾ ಕಣಿವೆಮಾರ್ಗ ದಾಟಿಸಿ ದ್ರಾಸಿಗೆ ತಂದಾಗ ಈ ಹದಿನಾಲ್ಕು ದಿನಗಳನ್ನು ಪೂರ್ತಿಯಾಗಿ ಕೊಡಲು ಯಾರ ಬಳಿಯೂ ಸಮಯವಿರಲಿಲ್ಲ. ಆ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಬೆನ್ನ ಮೇಲೆ ಗುಂಡು, ಗ್ರೆನೇಡು, ನೀರು, ಹಗ್ಗ. ನಾಲ್ಕು ಹೆಜ್ಜೆ ಇಟ್ಟು ನಿಲ್ಲಬೇಕು, ಉಸಿರು ಹಿಡಿಯಬೇಕು, ಮತ್ತೆ ನಾಲ್ಕು ಹೆಜ್ಜೆ. ಬಯಲು ಸೀಮೆಯಲ್ಲಿ ಒಂದು ನಿಮಿಷದಲ್ಲಿ ಓಡಿ ದಾಟುವ ದೂರವನ್ನು ಅಲ್ಲಿ ದಾಟಲು ಹಲವು ಪಟ್ಟು ಹೊತ್ತು ಬೇಕು. ಅಷ್ಟೂ ಹೊತ್ತು ಅವನ ಮೈ ಬರಿಯ ಬಂಡೆಯ ಮೇಲೆ ಕಾಣುತ್ತಿರುತ್ತದೆ. ಮರೆಯಿಲ್ಲದ ಹೊತ್ತು ಎಂದು ನಾನು ಹೇಳುತ್ತಿರುವುದು ಇದನ್ನೇ. ಮೈ ಒಗ್ಗಿಸದೆ ಕಳಿಸಿದ ಅವಸರ ಆ ಹೊತ್ತನ್ನು ಹಿಗ್ಗಿಸಿತು. ಹಾಗೆ ನೋಡಿದರೆ ನನ್ನ ಅಳತೆಗೋಲು ಅಧಿಕಾರಿಗಳನ್ನು ಬಿಡಿಸುವುದಿಲ್ಲ. ಅವರ ತೀರ್ಮಾನ ಯಾವ ಜಾಗದಲ್ಲಿ ಸಾವಾಯಿತು ಎಂದು ಬೆರಳಿಟ್ಟು ತೋರಿಸುತ್ತದೆ.

ತೊಲೊಲಿಂಗ್ ಮೇಲೆ ಮೊದಲು ಹತ್ತಿದ 18 ಗ್ರೆನೇಡಿಯರ್ಸ್ ಇದಕ್ಕೆ ಸಾಕ್ಷಿ. ವಾರಗಟ್ಟಲೆ ಇಳಿಜಾರಿನ ಕಲ್ಲುಗಳ ಸಂದಿಯಲ್ಲಿ ಅಂಟಿಕೊಂಡು ಕೂತರು. ಮೇಜರ್ ರಾಜೇಶ್ ಅಧಿಕಾರಿ ಸತ್ತರು, ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ಸತ್ತರು. ಶಿಖರ ಸಿಗಲಿಲ್ಲ.

ಈಗ ಸುಳ್ಳಾದ ಅರ್ಧ. ‘ಎಲ್ಲ ಸಾವಿಗೂ’ ಎಂಬ ಮಾತು ನಿಲ್ಲುವುದಿಲ್ಲ. ಅದೇ ಶಿಖರವನ್ನು ಜೂನ್ 12ರ ರಾತ್ರಿ ಹತ್ತಿ 13ರ ಬೆಳಗಿನೊಳಗೆ ಹಿಡಿದದ್ದು 2 ರಜಪುತಾನಾ ರೈಫಲ್ಸ್. ಅದರ ಕಮಾಂಡರ್ ಕರ್ನಲ್ ಎಂ.ಬಿ. ರವೀಂದ್ರನಾಥ್ ಕನ್ನಡಿಗರು, ಆ ಯುದ್ಧಕ್ಕೆ ವೀರ ಚಕ್ರ ಪಡೆದವರು. ಆ ಬೆಟಾಲಿಯನ್‌ಗೆ ಮೊದಲಿನವರಿಗೆ ಸಿಗದ ಎರಡು ವಸ್ತು ಸಿಕ್ಕಿದ್ದವು: ದಾರಿ ನೋಡಿಕೊಂಡು ಸಜ್ಜಾಗಲು ದಿನಗಳು, ಮತ್ತು ದ್ರಾಸ್ ಕಣಿವೆಯಲ್ಲಿ ತಂದು ನಿಲ್ಲಿಸಿದ ಫಿರಂಗಿಗಳ ಸಾಲು. ಬೋಫೋರ್ಸ್ ಫಿರಂಗಿಗಳನ್ನು ಶಿಖರ ಕಣ್ಣಿಗೆ ಕಾಣುವ ಹಾಗೆ ನಿಲ್ಲಿಸಿ, ಬಂದೂಕು ಗುರಿಯಿಡುವಂತೆ ನೇರ ಗುರಿಯಿಟ್ಟು ಹೊಡೆದರು. ಅಷ್ಟಾದರೂ ಆ ರಾತ್ರಿ ಮೇಜರ್ ವಿವೇಕ್ ಗುಪ್ತ ಸತ್ತರು, ಅವರ ಜೊತೆ ಹಲವರು ಸತ್ತರು. ಸಿದ್ಧತೆ ಚೆನ್ನಾಗಿದ್ದೂ ಸಾವು ಬಂತು. ಏಕೆ?

ಕೊನೆಯ ನೂರಾರು ಅಡಿಗಳ ಕಾರಣದಿಂದ. ನಮ್ಮವರು ಶತ್ರುವಿನ ಬಂಕರಿಗೆ ಹತ್ತಿರವಾದಂತೆ ಫಿರಂಗಿ ನಿಲ್ಲಿಸಲೇಬೇಕು, ಇಲ್ಲದಿದ್ದರೆ ನಮ್ಮ ಶೆಲ್ಲಿನ ಚೂರುಗಳೇ ನಮ್ಮವರನ್ನು ಕೊಲ್ಲುತ್ತವೆ. ಫಿರಂಗಿ ನಿಂತ ಕೂಡಲೇ ಸಂಗರಿನೊಳಗಿದ್ದವನು ತಲೆಯೆತ್ತುತ್ತಾನೆ. ಅಲ್ಲಿಂದ ಆಚೆಗೆ ಎಷ್ಟೇ ದೊಡ್ಡ ಸೇನೆಯಿರಲಿ, ಬೆಟ್ಟದ ಏಣು ಇಬ್ಬರು ಮೂವರು ಅಕ್ಕಪಕ್ಕ ನಡೆಯುವಷ್ಟೇ ಅಗಲ. ಬಯಲಿನಲ್ಲಿ ಒಬ್ಬ ರಕ್ಷಕನಿಗೆ ಮೂವರು ದಾಳಿಕಾರರು ಬೇಕೆಂಬುದು ಸೇನೆಗಳ ಹಳೆಯ ಎಣಿಕೆ, ಬೆಟ್ಟದಲ್ಲಿ ಅದು ಆರಕ್ಕೂ ಮೇಲೆ ಹೋಗುತ್ತದೆ. ಆದರೆ ಆ ಆರು ಮಂದಿ ಒಂದೇ ಸಲಕ್ಕೆ ಎದುರಾಗಲು ಜಾಗವೇ ಇಲ್ಲದಿದ್ದರೆ ಹಿಂದಿನವರ ಸಂಖ್ಯೆ ಮುಂದಿನವನನ್ನು ಕಾಪಾಡುವುದಿಲ್ಲ.

ಇದರಿಂದಲೇ ಇನ್ನೊಂದು ಉಪ-ಆಕ್ಷೇಪಕ್ಕೂ ಉತ್ತರ ಸಿಗುತ್ತದೆ. ಎಳೆಯ ಅಧಿಕಾರಿಗಳು ಅಷ್ಟೊಂದು ಜನ ಸತ್ತದ್ದು ಹುಡುಗುತನದ ದುಡುಕಿನಿಂದ ಎಂದು ಒಬ್ಬರು ಬರೆದಿದ್ದಾರೆ. ಈ ಮಾತು ನನಗೆ ನೋವು ತಂದಿತು. ಇಬ್ಬರು ಮೂವರಷ್ಟೇ ಅಗಲದ ಏಣಿನ ಮೇಲೆ, ಕತ್ತಲಲ್ಲಿ, ಉಸಿರೇ ಸಾಲದ ಕಡೆ, ಹಿಂದೆ ನಿಂತು ಕೂಗಿ ಹೇಳಿದರೆ ಮುಂದಿನವನಿಗೆ ಕೇಳಿಸುವುದಿಲ್ಲ. ಎಡಕ್ಕೆ ತಿರುಗಬೇಕೋ ಬಲಕ್ಕೋ, ಯಾವ ಬಂಕರ್ ಮೊದಲು ಎಂದು ತೀರ್ಮಾನಿಸುವವನು ನೋಡಬಲ್ಲ ಜಾಗದಲ್ಲೇ ಇರಬೇಕು. ಆ ಜಾಗ ಗುಂಡು ಬರುವ ಜಾಗವೇ. ಅವರು ಮುಂದೆ ಹೋದದ್ದು ಕೆಲಸ ಅಲ್ಲಿ ಇದ್ದದ್ದರಿಂದ.

ನಾಲ್ಕನೆಯ ಆಕ್ಷೇಪದಲ್ಲಿ ಎರಡು ಮಾತುಗಳು ಬೆರೆತಿವೆ: ವಾಯುಪಡೆಯನ್ನು ಪೂರ್ತಿಯಾಗಿ ಬಳಸಿದ್ದರೆ, ನಿಯಂತ್ರಣ ರೇಖೆಯನ್ನು ದಾಟಲು ಬಿಟ್ಟಿದ್ದರೆ, ಒಬ್ಬ ಕಾಲಾಳೂ ಸಾಯುತ್ತಿರಲಿಲ್ಲ.

ವಾಯುಪಡೆ ಮೇ 26ರಂದು ಇಳಿಯಿತು. 27ರಂದು ಒಂದು ಮಿಗ್-27, ಒಂದು ಮಿಗ್-21 ಕಳೆದುಕೊಂಡೆವು. ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಸತ್ತರು, ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಸೆರೆಯಾದರು. 28ರಂದು ಒಂದು ಎಂಐ-17 ಹೆಲಿಕಾಪ್ಟರ್ ಉರುಳಿ ಅದರಲ್ಲಿದ್ದ ನಾಲ್ವರೂ ಸತ್ತರು. ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿಗೆ ಹೆಲಿಕಾಪ್ಟರ್ ಕೂಡ ಮರೆಯಿಲ್ಲದ ಮೈಯೇ. ಆಮೇಲೆ ವಿಮಾನಗಳು ಎತ್ತರದಿಂದ ಬಾಂಬು ಹಾಕಬೇಕಾಯಿತು. ತೆಳು ಗಾಳಿಯಲ್ಲಿ ಬಾಂಬು ಬೀಳುವ ಲೆಕ್ಕವೇ ಬೇರೆ. ಗುರಿ ಎಂದರೆ ಬಂಡೆಗಳ ನಡುವೆ ಬಂಡೆಯಂತೆಯೇ ಕಾಣುವ ಒಂದು ಕಲ್ಲಿನ ಗೂಡು. ಮಿರಾಜ್ 2000 ವಿಮಾನಗಳು ಬಂದ ಮೇಲೆ ಫಲ ಸಿಕ್ಕಿತು. ಜೂನ್ 17ರಂದು ಮುಂಥೋ ಧಾಲೋದ ಸಾಮಗ್ರಿ ಶಿಬಿರವನ್ನು, 24ರಂದು ಲೇಸರ್ ಬಾಂಬಿನಿಂದ ಟೈಗರ್ ಹಿಲ್ಲಿನ ತುದಿಯನ್ನು ಹೊಡೆದರು. ಆ ಪೈಲಟ್‌ಗಳು ಎಷ್ಟೋ ಕಾಲಾಳುಗಳ ಜೀವ ಉಳಿಸಿದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಶಿಖರವನ್ನು ಬಾಂಬು ಹಿಡಿದುಕೊಳ್ಳುವುದಿಲ್ಲ. 24ರಂದು ಟೈಗರ್ ಹಿಲ್ ತುದಿಗೆ ಬಾಂಬು ಬಿದ್ದಿತ್ತು. ಜುಲೈ 3ರ ರಾತ್ರಿ ಹತ್ತಿದವರ ಮೇಲೆ ಅಲ್ಲಿಂದಲೇ ಗುಂಡು ಬಂತು.

ತಂತ್ರಜ್ಞಾನ ಬದಲಿಸುವುದು ಏನನ್ನು ಎಂಬುದನ್ನೂ ಸರಿಯಾಗಿ ನೋಡಬೇಕು. ಕಾರ್ಗಿಲ್‌ನಲ್ಲಿ ಒಂದು ಸಾವಿಗೆ ಎರಡೂವರೆಗಿಂತ ತುಸು ಹೆಚ್ಚು ಗಾಯಾಳುಗಳು. ಮುಂದೆ ಇರಾಕ್ ಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ಒಂದು ಸಾವಿಗೆ ಏಳರಷ್ಟು ಗಾಯಾಳುಗಳು. ಗಾಯಾಳು ಎಂದು ಯಾರನ್ನು ಬರೆದುಕೊಳ್ಳುತ್ತಾರೆ ಎಂಬುದು ಸೇನೆಯಿಂದ ಸೇನೆಗೆ ಬದಲಾಗುತ್ತದೆ, ಹಾಗಾಗಿ ಈ ಹೋಲಿಕೆಯನ್ನು ಕೂದಲೆಳೆಯಷ್ಟು ನಿಖರವೆಂದು ಹಿಡಿಯಬಾರದು. ಆದರೂ ದಿಕ್ಕು ಸ್ಪಷ್ಟ. ಎದೆಗವಚ, ಬೇಗ ಬರುವ ಹೆಲಿಕಾಪ್ಟರ್, ಹತ್ತಿರದ ಶಸ್ತ್ರಚಿಕಿತ್ಸಾ ಡೇರೆ, ಇವು ಏಟು ತಿಂದವನನ್ನು ಬದುಕಿಸುತ್ತವೆ. ಏಟು ಬೀಳುವುದನ್ನು ತಪ್ಪಿಸುವುದು ಮರೆ, ಕತ್ತಲು, ವೇಗ. ನಮ್ಮವರಿಗೆ ಆಗ ಒಳ್ಳೆಯ ಎದೆಗವಚ, ಹಿಮದ ಬೂಟು, ರಾತ್ರಿ ಕಾಣುವ ದುರ್ಬೀನು, ಶತ್ರುವಿನ ಫಿರಂಗಿ ಎಲ್ಲಿದೆ ಎಂದು ಹೇಳುವ ರಾಡಾರ್, ಯಾವುದೂ ಬೇಕಾದಷ್ಟು ಇರಲಿಲ್ಲ. ಈ ಕೊರತೆಯ ಬಗ್ಗೆ ಆಕ್ಷೇಪಿಸುವವರ ಜೊತೆಗೆ ನಾನೂ ದನಿಗೂಡಿಸುತ್ತೇನೆ.

ರೇಖೆಯ ವಿಷಯ. ದಾಟಬಾರದೆಂಬ ಆಜ್ಞೆ ನಮ್ಮ ಸಾವನ್ನು ಹೆಚ್ಚಿಸಿತೇ? ಆ ಶಿಖರಗಳ ಮೇಲೆ, ಹೌದು. ಹಿಂದಿನಿಂದ ಹೋಗಿ ಅವರ ದಾರಿ ಕಡಿಯುವುದು ಆಗದ ಮಾತಾದ್ದರಿಂದ ಮುಂದಿನಿಂದ, ಇಲ್ಲವೇ ಬಗಲಿನಿಂದಲೇ ಹತ್ತಬೇಕಾಯಿತು. ಇದನ್ನು ಮರೆಮಾಚುವವರ ಜೊತೆ ನನ್ನ ಸಹಮತವಿಲ್ಲ. ಆದರೆ ದಾಟಿದ್ದರೆ ಒಟ್ಟು ಸಾವು ಇಳಿಯುತ್ತಿತ್ತು ಎಂಬುದು ಬೇರೆಯೇ ಮಾತು. ರೇಖೆಯ ಆಚೆಗೂ ಬಂಕರ್‌ಗಳೇ ಇದ್ದವು, ಅಲ್ಲಿಯೂ ಬೆಟ್ಟಗಳೇ. ಕದನ ಜಮ್ಮುವಿಗೆ, ಪಂಜಾಬಿಗೆ, ರಾಜಸ್ಥಾನಕ್ಕೆ ಹರಡುವ ಬಾಗಿಲು ತೆರೆಯುತ್ತಿತ್ತು. 1971ರ ಡಿಸೆಂಬರಿನಲ್ಲಿ ಎರಡು ವಾರದ ಪೂರ್ಣಯುದ್ಧದಲ್ಲಿ ನಾವು ಸುಮಾರು 3,800 ಜನರನ್ನು ಕಳೆದುಕೊಂಡಿದ್ದೆವು, ಅದೂ ದೊಡ್ಡ ಗೆಲುವಿನ ಯುದ್ಧದಲ್ಲಿ. ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಮಾತನಾಡಿ ಎಂದಷ್ಟೇ ನಾನು ಕೇಳುವುದು.

ಐದನೆಯ ಆಕ್ಷೇಪ ಅತ್ಯಂತ ಗಟ್ಟಿಯಾದದ್ದು, ಹಾಗಾಗಿ ನನ್ನನ್ನು ಹೆಚ್ಚು ಕಾಡಿದ್ದು. ಹತ್ತುವುದೇ ಬೇಡವಾಗಿತ್ತು. ಕೆಳಗೆ ಕೂತು ಫಿರಂಗಿ ಹೊಡೆಯುತ್ತಾ ಅವರ ಅನ್ನ, ಗುಂಡು ಬರುವ ದಾರಿ ಕಡಿದು ಕಾದಿದ್ದರೆ ಚಳಿಗಾಲ ಬರುವ ಹೊತ್ತಿಗೆ ಅವರೇ ಇಳಿದು ಹೋಗುತ್ತಿದ್ದರು. ದಾಳಿ ಮಾಡುವವನು ಬಯಲಿಗೆ ಬರಬೇಕು, ಕಾಯುವವನು ಮರೆಯಲ್ಲಿರುತ್ತಾನೆ. ನಿಮ್ಮದೇ ಅಳತೆಗೋಲಿನ ಪ್ರಕಾರ ಕಾಯುವುದೇ ಸರಿಯಲ್ಲವೇ?

ನನ್ನ ಮಾತನ್ನೇ ನನಗೆ ತಿರುಗಿಸಿದ್ದಾರೆ, ಅದು ನ್ಯಾಯವಾದ ರೀತಿ. ಉತ್ತರ ಹೆದ್ದಾರಿಯಲ್ಲಿದೆ. ತೊಲೊಲಿಂಗ್ ಕೆಳಗೆ ಹಾದುಹೋಗುವ ಶ್ರೀನಗರ-ಲೇಹ್ ರಸ್ತೆಯನ್ನು ಮೇಲಿನಿಂದ ಬೊಟ್ಟು ಮಾಡಿ ತೋರಿಸಬಹುದು. ಮೇಲೆ ಕೂತ ವೀಕ್ಷಕ ಯಾವ ಲಾರಿ ಎಲ್ಲಿದೆ ಎಂದು ಹೇಳಿದರೆ ಆಚೆಯ ಫಿರಂಗಿ ಅದನ್ನು ಹೊಡೆಯುತ್ತಿತ್ತು. ಝೋಜಿ ಲಾ ಆ ಕಾಲದಲ್ಲಿ ವರ್ಷದ ಅರ್ಧ ಹಿಮದಲ್ಲಿ ಮುಚ್ಚಿರುತ್ತಿತ್ತು. ಲಡಾಖಿನ ಜನಕ್ಕೂ, ಸಿಯಾಚಿನ್ ಸೇರಿದಂತೆ ಅಲ್ಲಿರುವ ಸೇನೆಗೂ ಚಳಿಗಾಲಕ್ಕೆ ಬೇಕಾದ ಅಕ್ಕಿ, ಸೀಮೆಎಣ್ಣೆ, ಔಷಧಿ, ಮದ್ದುಗುಂಡು ಈ ಬೇಸಗೆಯ ತಿಂಗಳುಗಳಲ್ಲೇ ಬಹುಪಾಲು ಈ ರಸ್ತೆಯಲ್ಲೇ ಹೋಗಬೇಕಿತ್ತು. ಕಾಯುತ್ತಾ ಕೂತರೆ ಮರೆಯಿಲ್ಲದೆ ಇರುವವರು ಲಾರಿ ಚಾಲಕರು, ರಸ್ತೆ ಕೆಲಸದವರು, ದ್ರಾಸ್-ಕಾರ್ಗಿಲ್ ಊರಿನವರು. ಹೊತ್ತು ಕಡಿಮೆಯಾಗುವುದಿಲ್ಲ, ಯಾರ ಮೇಲೆ ಬೀಳುತ್ತದೆ ಎಂಬುದು ಬದಲಾಗುತ್ತದೆ. ಜೊತೆಗೆ, ರೇಖೆ ದಾಟದೆ ಅವರ ಅನ್ನದ ದಾರಿಯನ್ನು ಪೂರ್ತಿ ಕಡಿಯುವುದು ಹೇಗೆ? ಜಗತ್ತಿನ ಒತ್ತಡದಲ್ಲಿ ಕದನವಿರಾಮ ಬಂದಿದ್ದರೆ ಆ ದಿನ ಯಾರು ಎಲ್ಲಿದ್ದರೋ ಅದೇ ಹೊಸ ರೇಖೆ ಎನ್ನುವ ವಾದ ಹುಟ್ಟುವ ಅಪಾಯವೂ ಇತ್ತು.

ಕಾಯುವವನು ಯಾವಾಗಲೂ ಸುರಕ್ಷಿತ ಎಂಬುದೂ ಪೂರ್ತಿ ನಿಜವಲ್ಲ. ಟೈಗರ್ ಹಿಲ್ ಮೇಲೆ ಕರ್ನಲ್ ಶೇರ್ ಖಾನ್ ಎಂಬ ಹೆಸರಿನ ಪಾಕಿಸ್ತಾನದ ಕ್ಯಾಪ್ಟನ್ ಕಳೆದುಕೊಂಡ ನೆಲವನ್ನು ಮರಳಿ ಪಡೆಯಲು ತನ್ನವರನ್ನು ಕೂಡಿಸಿಕೊಂಡು ಸಂಗರ್ ಬಿಟ್ಟು ಹೊರಗೆ ಬಂದು ನಮ್ಮವರ ಮೇಲೆ ಬಿದ್ದರು. ಅಲ್ಲೇ ಸತ್ತರು. ಅವರ ಶೌರ್ಯವನ್ನು ಗುರುತಿಸಿ ಚೀಟಿ ಬರೆದು ದೇಹದ ಜೊತೆ ಕಳಿಸಿದ್ದು ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ; ಪಾಕಿಸ್ತಾನ ಅವರಿಗೆ ನಿಶಾನ್-ಎ-ಹೈದರ್ ಕೊಟ್ಟಿತು. ಮರೆ ಬಿಟ್ಟ ಕೂಡಲೇ ಅವರಿಗೂ ಅದೇ ನಿಯಮ. ಆ ಯುದ್ಧದಲ್ಲಿ ಸತ್ತ ತನ್ನ ಸೈನಿಕರೆಂದು ಪಾಕಿಸ್ತಾನ ಸೇನೆ ಬಹಳ ವರ್ಷಗಳ ನಂತರ, 2010ರಲ್ಲಿ, 453 ಹೆಸರುಗಳನ್ನು ಪ್ರಕಟಿಸಿತು. ಬದುಕಿದ್ದಾಗ ನಮ್ಮವರಲ್ಲ ಎಂದು ತಮ್ಮ ದೇಶವೇ ಅಲ್ಲಗಳೆದ ಆ ಹುಡುಗರ ಬಗ್ಗೆಯೂ ನನಗೆ ಮರುಕವಿದೆ, ಅದನ್ನು ಬರೆಯಲು ಸಂಕೋಚವಿಲ್ಲ.

ಹತ್ತಲೇಬೇಕು ಎಂದಾದ ಮೇಲೂ ಎಲ್ಲಿಂದ ಹತ್ತಬೇಕು ಎಂಬುದರಲ್ಲಿ ಜೀವಗಳು ಉಳಿಯುತ್ತವೆ. 18 ಗ್ರೆನೇಡಿಯರ್ಸ್ ತೊಲೊಲಿಂಗ್‌ನಲ್ಲಿ ಕಲಿತದ್ದನ್ನು ಟೈಗರ್ ಹಿಲ್‌ನಲ್ಲಿ ಬಳಸಿದರು. ಸುಲಭದ ಇಳಿಜಾರು ಬಿಟ್ಟು, ಹಗ್ಗ ಕಟ್ಟಿಕೊಂಡು ನೆಟ್ಟಗೆ ನಿಂತ ಬಂಡೆಯನ್ನು ರಾತ್ರಿಯಲ್ಲಿ ಹತ್ತಿದರು, ಏಕೆಂದರೆ ಆ ಕಡೆಯಿಂದ ಯಾರೂ ಬರಲಾರರೆಂದು ಮೇಲಿನವರು ನಂಬಿದ್ದರು. ಕಷ್ಟದ ದಾರಿಯೇ ಮರೆಯ ದಾರಿಯಾಯಿತು. ತುದಿ ಮುಟ್ಟಿದ ಮೇಲೆ ಮಾತ್ರ ಮರೆ ಮುಗಿಯಿತು. ಮೊದಲು ಮೇಲೇರಿದ ಪುಟ್ಟ ತಂಡದ ಯೋಗೇಂದ್ರ ಸಿಂಗ್ ಯಾದವ್ ತಮ್ಮ ಜೊತೆಗಾರರನ್ನು ಕಳೆದುಕೊಂಡು, ಮೈತುಂಬ ಗುಂಡು ಹೊತ್ತು ಇಳಿದು ಬಂದರು. ಆಗ ಅವರಿಗೆ 19 ವರ್ಷ.

ನಿಜವಾದ ದೋಷ ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ನಾನು ಜೂನ್ ತಿಂಗಳನ್ನು ತೋರಿಸುವುದಿಲ್ಲ, ಅದರ ಹಿಂದಿನ ಚಳಿಗಾಲವನ್ನು ತೋರಿಸುತ್ತೇನೆ. ಯುದ್ಧದ ನಂತರ ಸರ್ಕಾರ ನೇಮಿಸಿದ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ವಿಚಾರಣೆ ಮಾಡಿ ಹೇಳಿದ್ದು ಇದನ್ನೇ: ನುಸುಳುವಿಕೆ ನಮಗೆ ಪೂರ್ತಿ ಅನಿರೀಕ್ಷಿತವಾಗಿ ಬಂತು. ಹಿಮದಲ್ಲಿ ಯಾರೂ ಇಲ್ಲದ ಎತ್ತರಗಳನ್ನು ಪಾಕಿಸ್ತಾನದವರು ಒಂದು ಗುಂಡೂ ಹಾರಿಸದೆ ಹಿಡಿದರು. ಮೇ 3ರ ಸುಮಾರಿಗೆ ಕುರಿ ಕಾಯುವವರು ಕಂಡು ಹೇಳುವವರೆಗೆ ನಮಗೆ ತಿಳಿಯಲಿಲ್ಲ.

ಕೊನೆಯ ಆಕ್ಷೇಪ: ಹುತಾತ್ಮರನ್ನು ಹೀಗೆ ಎಣಿಸುವುದು, ಅಡಿ ಗಂಟೆಗಳಲ್ಲಿ ಅಳೆಯುವುದು ಅವರಿಗೆ ಅವಮಾನ. ಹೂವಿಟ್ಟು ಕೈಮುಗಿದು ಸುಮ್ಮನಿರಬೇಕು.

ಕೈಮುಗಿಯುತ್ತೇನೆ, ಸುಮ್ಮನಿರುವುದಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಇರುವ ಪದ ‘ಸಾವುನೋವು’. ಸಾವಿನ ಪಕ್ಕಕ್ಕೆ ನೋವನ್ನೂ ಕೂರಿಸಿದ ಪದ ಅದು. ಹೂವಿಡುವ ದಿನ ನಾವು ಮೊದಲರ್ಧವನ್ನು ಮಾತ್ರ ನೆನೆಯುತ್ತೇವೆ. 1,363 ಎಂಬ ಅಂಕಿಯೊಳಗೆ ಕಾಲು ಕಳೆದುಕೊಂಡವರಿದ್ದಾರೆ, ಮೈಯೊಳಗೆ ಇಂದಿಗೂ ಲೋಹದ ಚೂರು ಇಟ್ಟುಕೊಂಡು ಬದುಕುತ್ತಿರುವವರಿದ್ದಾರೆ. ಅವರಲ್ಲಿ ಒಬ್ಬೊಬ್ಬನನ್ನೂ ಯಾರೋ ಹೊತ್ತು ಇಳಿಸಿದ್ದಾರೆ. 15,000 ಅಡಿಯ ಏಣಿನಿಂದ ಒಬ್ಬ ಗಾಯಾಳುವನ್ನು ಕೆಳಕ್ಕೆ ತರಲು ಕನಿಷ್ಠ ನಾಲ್ವರು ಬೇಕು, ಒಮ್ಮೊಮ್ಮೆ ಇಡೀ ರಾತ್ರಿ ಬೇಕು. ಸ್ಟ್ರೆಚರ್ ಹಿಡಿದ ಕೈಯಲ್ಲಿ ಬಂದೂಕು ಹಿಡಿಯಲಾಗುವುದಿಲ್ಲ, ಹೊತ್ತವನಿಗೆ ಕಲ್ಲಿನ ಸಂದಿಗೆ ನುಸುಳಲಾಗುವುದಿಲ್ಲ. ಏಟು ತಿಂದವನು ಒಬ್ಬ, ಮರೆ ಬಿಟ್ಟು ನಿಂತವರು ಇನ್ನೂ ನಾಲ್ವರು. ಕದನ ಬಿರುಸಾದ ರಾತ್ರಿ ಸಾವುನೋವು ತನ್ನಷ್ಟಕ್ಕೆ ತಾನೇ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಹಾಗೆ ಹೊತ್ತವರಲ್ಲಿ ಕೆಲವರು 527ರೊಳಗೆ ಸೇರಿದರು, ಕೆಲವರು 1,363ರೊಳಗೆ. ಉಳಿದವರು ಗಾಯಾಳುವನ್ನು ಕೆಳಗಿನ ಡೇರೆಯಲ್ಲಿ ಡಾಕ್ಟರಿಗೆ ಒಪ್ಪಿಸಿ, ನೀರು ಕುಡಿದು, ಮರಳಿ ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಮದ್ದುಗುಂಡಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಅದೇ ದಾರಿಯಲ್ಲಿ ಮೇಲೆ ಹತ್ತಿದರು.